ಅವರು ಓದದೆ ಬಿಟ್ಟ ಸಾಲು

ನಮ್ಮ ಊರಿನ ಗ್ರಂಥಾಲಯದಲ್ಲಿ ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿ ನಿವೃತ್ತನಾದೆ. ಬೀಳ್ಕೊಡುವ ದಿನ ಊರವರು ಶಾಲು ಹೊದಿಸಿದರು. ಪಂಚಾಯಿತಿಯ ಹಿರಿಯರೊಬ್ಬರು ಮಾತಾಡಿ, ಇಷ್ಟು ವರ್ಷ ಒಂದು ದಿನವೂ ಬಾಗಿಲು ತಡವಾಗಿ ತೆರೆಯಲಿಲ್ಲ ಎಂದು ನನ್ನನ್ನು ಹೊಗಳಿದರು. ಆ ಮಾತು ನಿಜ. ನಾನು ಕೈಮುಗಿದು ಕುಳಿತಿದ್ದೆ. ಆದರೆ ಆ ಕುರ್ಚಿ ನನಗೆ ಹೇಗೆ ಬಂತು ಎಂಬುದು ಅಲ್ಲಿ ನೆರೆದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಈಗ ನನಗೂ ವಯಸ್ಸಾಗಿದೆ. ಬರೆದಿಡುತ್ತೇನೆ.

ಅಣ್ಣಿಗೇರಿಯಿಂದ ನವಲಗುಂದದ ಕಡೆಗೆ ಹೋಗುವಾಗ ಸಿಗುವ ಎರೆಮಣ್ಣಿನ ಊರು ನಮ್ಮದು. ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ಚಾವಡಿಯ ಬಾಜುವಿನ ಒಂದು ಕೋಣೆಯಲ್ಲಿ ಸರಕಾರಿ ಗ್ರಂಥಾಲಯ ಬಂತು. ನಾಲ್ಕು ಕಪಾಟು, ಕೂರಲು ಎರಡು ಬಾಕು, ಒಂದು ಮೇಜು, ಮುಂದೆ ಕಲ್ಲಿನ ಕಟ್ಟೆ. ಅದನ್ನು ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕಾಗಿತ್ತು. ಊರಿನಿಂದ ಇಬ್ಬರು ಅರ್ಜಿ ಹಾಕಿದೆವು. ಒಬ್ಬ ನಾನು, ಎರಡನೆಯ ಸಲಕ್ಕೆ ಎಸ್ಸೆಸ್ಸೆಲ್ಸಿ ಪಾಸಾದವನು. ಇನ್ನೊಬ್ಬರು ನಮ್ಮ ಊರಿನ ನೇಕಾರರ ಮನೆಯವರು. ಮುಸಲ್ಮಾನರು. ಹೈಸ್ಕೂಲಿನಲ್ಲಿ ನನಗಿಂತ ಎರಡು ಇಯತ್ತೆ ಮುಂದಿದ್ದರು.

ಸಂದರ್ಶನದಲ್ಲಿ ಒಬ್ಬ ಅಧಿಕಾರಿ ಇಬ್ಬರ ಕೈಗೂ ಅದೇ ದಿನದ ಪತ್ರಿಕೆ ಕೊಟ್ಟು, ಗಟ್ಟಿಯಾಗಿ ಓದಿ ಎಂದರು. ನಾನು ಒಂದೂ ತಪ್ಪಿಲ್ಲದೆ ಓದಿದೆ. ಆಮೇಲೆ ಆ ನೇಕಾರರ ಮನೆಯವರು ಓದಿದರು. ಹತ್ತಿಯ ಧಾರಣೆ ಇಳಿದ ಸುದ್ದಿ ಅದು. ಮೇಜಿನ ಆಚೆ ಕುಳಿತವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಕೆಲಸ ಯಾರಿಗೆ ಎಂಬುದು ನನಗೆ ಆಗಲೇ ತಿಳಿಯಿತು.

ಮನೆಯಲ್ಲಿ ಉರ್ದು ಆಡುವ ಆ ಮನುಷ್ಯನ ಬಾಯಲ್ಲಿ ಕನ್ನಡ ನಮ್ಮೆಲ್ಲರಿಗಿಂತ ಸ್ಪಷ್ಟವಾಗಿತ್ತು. ಊರವರು ಅವರನ್ನು ಬುಕ್ಕಿನ ಮಾಸ್ತರ ಎಂದು ಕರೆಯತೊಡಗಿದರು. ಸಂಜೆ ದನ ಮನೆಗೆ ಬಂದ ಮೇಲೆ ಹಿರಿಯರು ಗ್ರಂಥಾಲಯದ ಕಟ್ಟೆಗೆ ಬರುತ್ತಿದ್ದರು. ಮಾಸ್ತರರು ಬಾಗಿಲ ಹೊಸ್ತಿಲಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದರು. ಮೊದಲು ಹುಬ್ಬಳ್ಳಿ ಪೇಟೆಯ ಧಾರಣೆ, ಆಮೇಲೆ ಮಳೆಯ ಸುದ್ದಿ, ಕಡೆಗೆ ರಾಜಕೀಯ. ನಡುವೆ ನಿಲ್ಲಿಸಿ ತಮ್ಮ ಓಣಿಯ ಮುದುಕರಿಗೆ ಉರ್ದುವಿನಲ್ಲಿ ಎರಡು ಮಾತು ಹೇಳಿ ಮುಂದುವರಿಯುತ್ತಿದ್ದರು. ಊರಿಗೆ ಯಾವ ಕಾಗದ ಬಂದರೂ, ಕೋರ್ಟಿನ ನೋಟೀಸಾಗಲಿ ಮಿಲಿಟರಿಯಲ್ಲಿರುವ ಮಗನ ಪತ್ರವಾಗಲಿ, ಅದು ಅವರ ಕೈಗೇ ಹೋಗುತ್ತಿತ್ತು.

ಅಲ್ಲಿ ಮೊದಲು ಬಂದು ಮುಂದೆ ಕೂರುತ್ತಿದ್ದವನು ನನ್ನ ಅಪ್ಪ.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಮೂರು ಕೂರಿಗೆ ಹೊಲದಲ್ಲಿ ದುಡಿದು ನನ್ನನ್ನು ಅಣ್ಣಿಗೇರಿಯ ಹೈಸ್ಕೂಲಿಗೆ ಕಳಿಸಿದ್ದ. ಅಂಥ ಅಪ್ಪ ಸಂಜೆಯಾದರೆ ಮತ್ತೊಬ್ಬರ ಓದನ್ನು ಕೇಳಲು ಹೋಗುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಒಂದು ದಿನ ಪತ್ರಿಕೆಯೊಂದನ್ನು ಕೊಂಡು ತಂದು, “ಯಪ್ಪಾ, ಇಲ್ಲೇ ಕುಂದ್ರು, ನಾ ಓದ್ತೇನಿ” ಎಂದೆ. ಅಪ್ಪ ಪಾಪ, ಕುಳಿತ. ಅರ್ಧ ಪುಟ ಓದುವಷ್ಟರಲ್ಲಿ ಎದ್ದು ರುಮಾಲು ಸುತ್ತಿಕೊಂಡ.

“ಯಾಕ?” ಎಂದೆ.

“ಯಾಕಿಲ್ಲಪಾ. ನೀ ಓದಿದ್ರ ಪೊಲೀಸ ವಾರಂಟ ಓದಿದಂಗ ಆಗತೈತಿ. ನಾ ಏನ ತಪ್ಪ ಮಾಡೇನೋ ಅನಸ್ತೈತಿ.”

ಅವ್ವ ಒಲೆಯ ಮುಂದೆ ನಕ್ಕಳು. ಅಪ್ಪ ಅದನ್ನು ಕಟ್ಟೆಯ ಮೇಲೂ ಹೇಳಿದನಂತೆ. ಮರುದಿನ ಇಬ್ಬರು ನನ್ನನ್ನು ನೋಡಿ, “ಏನ ವಾರಂಟ ಸಾಹೇಬ್ರ, ಯಾರನ್ನ ಹಿಡಿಯಾಕ ಹೊಂಟೀರಿ?” ಎಂದರು.

ನಾನು ದಿನವೂ ಗ್ರಂಥಾಲಯಕ್ಕೆ ಹೋಗುತ್ತಿದ್ದೆ, ಕೆಲಸದ ಜಾಹೀರಾತು ನೋಡಲು. ಒಳಗೆ ಬಂದವರು ಬಾಗಿಲ ಬಳಿಯ ಪುಸ್ತಕದಲ್ಲಿ ಹೆಸರು ಬರೆದು ಸಹಿ ಮಾಡಬೇಕಿತ್ತು. ಮಾಸ್ತರರು ಆ ಜಾಹೀರಾತುಗಳಿಗೆ ಪೆನ್ಸಿಲ್ಲಿನಿಂದ ಗುರುತು ಮಾಡಿ, ಪುಟವನ್ನು ಮಡಚಿ ನನಗಾಗಿ ಇಟ್ಟಿರುತ್ತಿದ್ದರು. “ತಮ್ಮಾ, ಇದು ನಿನಗ ಆಗತೈತಿ ನೋಡು. ಬೇಕಂದ್ರ ಅರ್ಜಿಯ ಫಾರಂ ನಾ ತರಸ್ತೇನಿ” ಎನ್ನುತ್ತಿದ್ದರು. ಬೈದಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಕಾರಣವಾದರೂ ಸಿಗುತ್ತಿತ್ತು. ನನ್ನ ಕುರ್ಚಿಯಲ್ಲಿ ಕುಳಿತು ನನಗೇ ಕೆಲಸ ಹುಡುಕಿ ಕೊಡುತ್ತಾನಲ್ಲ ಎಂದು ಒಳಗೊಳಗೆ ಕುದಿಯುತ್ತಿದ್ದೆ. ಅವರು ಗುರುತು ಮಾಡಿದ ಯಾವ ಕೆಲಸಕ್ಕೂ ಅರ್ಜಿ ಹಾಕಲಿಲ್ಲ.

ಹೀಗೆ ಆರು ವರ್ಷ ಕಳೆಯಿತು. ಅಷ್ಟು ದಿನವಾದರೂ ಮಾಸ್ತರರ ಕೆಲಸ ಕಾಯಂ ಆಗಿರಲಿಲ್ಲ. ಸುತ್ತಲಿನ ಊರುಗಳ ಗ್ರಂಥಾಲಯಗಳಲ್ಲಿದ್ದ ಎಲ್ಲರದೂ ಅದೇ ಕಥೆ. ಅವರೆಲ್ಲ ಒಂದು ಸಂಘ ಕಟ್ಟಿಕೊಂಡು, ಕಾಯಂ ಮಾಡುವವರೆಗೂ ಬಾಗಿಲು ತೆರೆಯುವುದಿಲ್ಲ ಎಂದು ನಿರ್ಧರಿಸಿದರು. ಒಂದು ಸಂಜೆ ಪತ್ರಿಕೆ ಓದಿ ಮುಗಿಸಿದ ಮಾಸ್ತರರು ಅದನ್ನು ಮಡಚಿ, “ಸೋಮವಾರದಿಂದ ಬಾಗಲಾ ತೆಗಿಯೂದಿಲ್ರಿ. ನೀವು ತಪ್ಪ ತಿಳಕೋಬಾರದು” ಎಂದು ಊರವರಿಗೆ ಸಂಗತಿ ಬಿಡಿಸಿ ಹೇಳಿದರು.

ಎದುರು ಕುಳಿತ ಮುದುಕನೊಬ್ಬ, “ಆರ ವರ್ಷ ಆತು, ಇನ್ನೂ ಕಾಯಂ ಇಲ್ಲಾ? ಸಂತ್ಯಾಗ ತಂದ ಎತ್ತು ಸುದ್ದಾ ಎರಡ ಸುಗ್ಗಿಗೆ ಮನೀದು ಆಗತೈತೆಲೇ” ಎಂದ.

“ಎತ್ತಿಗೆ ಸಂಘ ಇಲ್ಲ ಅಜ್ಜಾ, ಅದಕ್ಕ ಲಗೂನ ಆಗತೈತಿ” ಎಂದರು ಮಾಸ್ತರರು. ಎಲ್ಲರೂ ನಕ್ಕರು.

ಆಮೇಲೆ ಒಬ್ಬರು ಕೇಳಿದರು, ಮೇಲಿನವರು ಬೇರೆ ಯಾರಿಗಾದರೂ ಕೀಲಿ ಕೊಟ್ಟು ಕೂರಿಸಿದರೆ ಏನು ಮಾಡುವುದು? ಹಾಗೆ ಆಗಬಹುದು ಎಂದು ಮಾಸ್ತರರೂ ಒಪ್ಪಿದರು. ಆಗ ನನ್ನ ಅಪ್ಪ ಬಾಯಿ ತೆರೆದ.

“ಬುಕ್ಕ ಇದ್ರ ತಾನ ಲೈಬ್ರರಿ. ಬುಕ್ಕ ನಮ್ಮ ಮನ್ಯಾಗ ಇದ್ರ ಬಂದಾಂವ ಏನ ಕಾಯ್ತಾನ, ಕಪಾಟ? ಹಗೇವಿಗೆ ನೀರ ಹೊಕ್ಕಾಗ ಏನ ಮಾಡ್ತೇವಿ? ಹಂಗ ಮಾಡೂಣು.”

ನಮ್ಮ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಯಾರದಾದರೂ ಹಗೇವಿಗೆ ನೀರು ಹೊಕ್ಕರೆ ಓಣಿಯವರೆಲ್ಲ ಬಂದು ಕಾಳನ್ನು ಬುಟ್ಟಿಯಲ್ಲಿ ಹೊತ್ತೊಯ್ದು ತಮ್ಮ ತಮ್ಮ ಮಾಳಿಗೆಯ ಮೇಲೆ ಹರವಿ, ಒಣಗಿದ ಮೇಲೆ ತಂದು ಸುರಿಯುತ್ತಿದ್ದರು. ಯಾರು ಎಷ್ಟು ಒಯ್ದರು ಎಂದು ಯಾರೂ ಅಳೆಯುತ್ತಿರಲಿಲ್ಲ. ಅಳೆಯುವುದೆಂದರೆ ನಂಬಿಕೆಯಿಲ್ಲ ಎಂದಂತೆ.

ಭಾನುವಾರ ಮುಂಜಾನೆ ಊರೇ ಗ್ರಂಥಾಲಯಕ್ಕೆ ಬಂತು. ಓದು ಬರುವವರು ಸ್ವಲ್ಪ, ಬಾರದವರೇ ಹೆಚ್ಚು. ಮಾಸ್ತರರು ಮೊದಲ ಪುಸ್ತಕ ಕೊಡುವಾಗ ನಿಯಮದ ಪ್ರಕಾರ ಚೀಟಿ ಬರೆಯಲು ಪೆನ್ನು ತೆಗೆದರು. ಸಾಲಿನಲ್ಲಿ ಮುಂದಿದ್ದ ಹಿರಿಯ ಕೈ ಹಿಂದಕ್ಕೆಳೆದುಕೊಂಡ.

“ನನ್ನ ಹೆಸರ ಬರಕೊಂತಿ ಏನ ಮಾಸ್ತರ? ನಾ ಏನ ಕಳ್ಳ?”

“ಹಂಗಲ್ರಿ. ನಿಯಮ ಐತಿ.”

“ನಿನ್ನ ಸಲುವಾಗಿ ಒಯ್ಯಾಕ ಬಂದೇವಿ. ನೀ ನಮ್ಮ ಮ್ಯಾಲ ನಿಯಮ ಹಚ್ಚತಿ.”

ಹಿಂದಿದ್ದವರೂ ಗೊಣಗಿದರು. ಮಾಸ್ತರರು ಪೆನ್ನಿನ ಟೊಪ್ಪಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡರು. ಅವರು ಮಾಡಿದ ತಪ್ಪು ಅದೊಂದೇ. ಸರಕಾರದ ಪುಸ್ತಕಗಳನ್ನು ಜೋಳದಂತೆ ಹಂಚಿದರು. ನಾನು ಕಟ್ಟೆಯ ಒಂದು ಮೂಲೆಯಲ್ಲಿ ನಿಂತು ಅದನ್ನೆಲ್ಲ ನೋಡುತ್ತಿದ್ದೆ. ಆ ಟೊಪ್ಪಿಗೆ ಹಾಕಿದ ಗಳಿಗೆಯನ್ನು ಮನಸ್ಸಿನಲ್ಲಿ ಭದ್ರವಾಗಿ ಎತ್ತಿಟ್ಟುಕೊಂಡೆ.

ಅಪ್ಪ ಎಂಟು ಪುಸ್ತಕ ಹೊತ್ತು ತಂದ. ನನ್ನ ಶಾಲೆಯ ಸರ್ಟಿಫಿಕೇಟು ಜಂತಿಯ ಸಂದಿಯಲ್ಲಿ ಹೊಗೆ ಹಿಡಿಯುತ್ತಿತ್ತು. ಈ ಪುಸ್ತಕಗಳನ್ನು ಮಾತ್ರ ತನ್ನ ಮದುವೆಯ ಜರತಾರಿ ಶಲ್ಯದಲ್ಲಿ ಕಟ್ಟಿ ದೇವರ ಮಾಡದ ಕೆಳಗಿಟ್ಟ. “ಯಾರೂ ಮುಟ್ಟಬ್ಯಾಡ್ರಿ. ಮಾಸ್ತರನ ನೌಕರಿ ಐತಿ ಇದರಾಗ” ಎಂದು ಅವ್ವನಿಗೂ ನನಗೂ ಹೇಳಿದ.

ಮುಷ್ಕರ ಶುರುವಾಯಿತು. ಕೋಣೆಗೆ ಬೀಗ ಬಿತ್ತು, ಮಾಸ್ತರರು ಕಟ್ಟೆಯ ಮೇಲೆ ಕುಳಿತರು. ಪಗಾರವಿಲ್ಲ. ಆದರೆ ಅವರ ಮನೆಯ ಒಲೆ ಆರದಂತೆ ಊರು ನೋಡಿಕೊಂಡಿತು. ಒಂದು ದಿನ ಒಬ್ಬರ ಮನೆಯಿಂದ ರೊಟ್ಟಿ, ಇನ್ನೊಂದು ದಿನ ಮತ್ತೊಬ್ಬರಿಂದ ಹಿಟ್ಟು, ಬೇಳೆ. ಊರಿನಲ್ಲಿ ಪತ್ರಿಕೆ ತರಿಸುತ್ತಿದ್ದ ವ್ಯಾಪಾರಿಯೊಬ್ಬರು ತಾವು ನೋಡಿಯಾದ ಮೇಲೆ ಅದನ್ನು ಕಟ್ಟೆಗೆ ಕಳಿಸುತ್ತಿದ್ದರು. ಸಂಜೆಯ ಓದು ಒಂದು ದಿನವೂ ನಿಲ್ಲಲಿಲ್ಲ. ಮೊದಲಿಗಿಂತ ಜನ ಹೆಚ್ಚೇ ಬರುತ್ತಿದ್ದರು. ಕೆಲಸ ಬಿಟ್ಟು ಕುಳಿತವನಿಗೆ ಇಷ್ಟು ಮಾನ, ಕೆಲಸವೇ ಸಿಗದ ನನಗೆ ಮನೆಯಲ್ಲೂ ಮಾತಿಲ್ಲ. ಅಪ್ಪ ದಿನವೂ ಬುತ್ತಿ ಕಟ್ಟಿಸಿಕೊಂಡು ಹೊಲಕ್ಕೆ ಹೋಗುವಾಗ ಅರ್ಧವನ್ನು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದ. ಒಂದು ದಿನ ನಾನು ತಡೆಯಲಾರದೆ, “ನಿನ್ನ ಮಗಾ ನಾನೋ ಅಂವನೋ?” ಎಂದು ಕೇಳಿದೆ.

ಅಪ್ಪ ನನ್ನ ಇಸ್ತ್ರಿ ಮಾಡಿದ ಪ್ಯಾಂಟನ್ನು ನೋಡಿ ಹೇಳಿದ, “ನೀ ಮಗಾ ಖರೆ. ಅಂವ ಉಪಯೋಗ.”

ಮೂರನೆಯ ವಾರ ನಾನು ಗ್ರಂಥಾಲಯದ ಮೇಲಿನ ಕಚೇರಿಗೆ ಮೂಗರ್ಜಿ ಬರೆದೆ. ಹೊಲದ ಬದುವಿನ ಮೇಲೆ, ಉರಿಬಿಸಿಲಿನಲ್ಲಿ ಕುಳಿತು ಬರೆದೆ. ಅಕ್ಷರಗಳನ್ನು ಎಡಕ್ಕೆ ವಾಲಿಸಿದೆ. ಗ್ರಂಥಾಲಯದ ಅಷ್ಟೂ ಪುಸ್ತಕಗಳನ್ನು ಚೀಟಿಯಿಲ್ಲದೆ, ಸಹಿಯಿಲ್ಲದೆ, ಓದು ಬಾರದವರಿಗೆ ಹಂಚಲಾಗಿದೆ ಎಂದು ತಿಳಿಸಿದೆ. ಅದು ನಿಜವೇ ಆಗಿತ್ತು. ಇಷ್ಟಕ್ಕೆ ನಿಲ್ಲಿಸಿದ್ದರೆ ನ್ಯಾಯದ ಸಲುವಾಗಿ ಬರೆದೆ ಎಂದು ಇವತ್ತು ನನ್ನನ್ನು ನಾನೇ ನಂಬಿಸಿಕೊಳ್ಳಬಹುದಿತ್ತು. ಆದರೆ ಕಡೆಗೊಂದು ಸಾಲು ಸೇರಿಸಿದೆ. ‘ಈ ಹುದ್ದೆಗೆ ಹಿಂದೆ ಸಂದರ್ಶನಕ್ಕೆ ಬಂದಿದ್ದ, ಮೆಟ್ರಿಕ್ ಪಾಸಾದ ಯೋಗ್ಯ ತರುಣನೊಬ್ಬ ಇದೇ ಊರಿನಲ್ಲಿ ಕೆಲಸವಿಲ್ಲದೆ ಇದ್ದಾನೆ.’ ಕೆಳಗೆ ‘ಊರ ಹಿತಚಿಂತಕ’ ಎಂದು ಬರೆದು, ನಮ್ಮ ಊರಿನ ಪೆಟ್ಟಿಗೆಯಲ್ಲಿ ಹಾಕದೆ, ಅಣ್ಣಿಗೇರಿಗೆ ಹೋಗಿ ಸ್ಟೇಷನ್ನಿನ ಬಳಿಯ ಪೆಟ್ಟಿಗೆಗೆ ಹಾಕಿ ಬಂದೆ. ಸಂದರ್ಶನಕ್ಕೆ ಹೋದವರು ಊರಿನಲ್ಲಿ ಇಬ್ಬರೇ ಎಂಬುದು ನನ್ನ ಆಸೆಗೆ ಮರೆತೇಹೋಗಿತ್ತು.

ಎಂಟು ಹತ್ತು ದಿನಕ್ಕೆ ಜೀಪು ಬಂತು. ಅಧಿಕಾರಿ ಬೀಗ ತೆಗೆಸಿ ಬರಿದಾದ ಕಪಾಟುಗಳನ್ನು ನೋಡಿದರು. ಮೂಗರ್ಜಿಯನ್ನು ಮಾಸ್ತರರ ಕೈಗೆ ಕೊಟ್ಟು, “ಇದಕ್ಕ ನೀವು ಬರವಣಿಗಿಯೊಳಗ ಉತ್ತರ ಕೊಡಬೇಕು” ಎಂದು ಹೇಳಿ, ಊರ ಹಿರಿಯರೊಬ್ಬರ ಮನೆಗೆ ಚಹಾ ಕುಡಿಯಲು ಹೋದರು.

ಕಟ್ಟೆಯ ತುಂಬ ಜನ. ನಾನೂ ಇದ್ದೆ. ಇರದಿದ್ದರೆ ಸಂಶಯ ಬರುತ್ತದೆಂದು ಬಂದಿದ್ದೆ. ಮಾಸ್ತರರು ಕಾಗದವನ್ನು ಮೊದಲು ತಾವೊಬ್ಬರೇ ನೋಡಿಕೊಂಡರು. ಅಪ್ಪ ಎಂದಿನ ಜಾಗದಲ್ಲಿ, ಎಲ್ಲರಿಗಿಂತ ಮುಂದೆ ಕುಳಿತಿದ್ದ.

“ಏನ ಬರದಾರ ಓದ ಮಾಸ್ತರ. ನಮಗೂ ಕೇಳಲಿ.”

“ಬ್ಯಾಡ ಕಾಕಾ. ನನ್ನ ಮ್ಯಾಲಿನ ತಕರಾರು ಐತಿ.”

“ನಿನ್ನ ಮ್ಯಾಲ ಅಂದ್ರ ನಮ್ಮ ಮ್ಯಾಲ. ಊರಿಗೆ ಬಂದ ಕಾಗದ ನೀ ಓದದ ಬಿಟ್ಟಿದ್ದೈತೇನ? ಓದು.”

ಅವರು ಹೊಸ್ತಿಲಲ್ಲಿ ಕುಳಿತು, ದಿನವೂ ಪತ್ರಿಕೆ ಓದುವ ಹಾಗೆಯೇ ಓದಿದರು. ತಮ್ಮ ಮೇಲಿನ ಆರೋಪವನ್ನು ಒಂದು ಮಾತೂ ನುಂಗದೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಏರಿಸಬೇಕಾದಲ್ಲಿ ಏರಿಸಿ ಓದಿದರು. ನಾನು ಬರೆದದ್ದು ಅಷ್ಟು ಚೆನ್ನಾಗಿದೆ ಎಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಆ ಹೆದರಿಕೆಯ ನಡುವೆಯೂ, ನನ್ನ ಮಾತು ಇವರ ಬಾಯಿಗೆ ಹೋದರೆ ಮಾತ್ರ ಜನ ಕೇಳುತ್ತಾರಲ್ಲ ಎಂದು ಹೊಟ್ಟೆ ಉರಿಯಿತು.

ಓದು ಕಡೆಯ ಸಾಲಿಗೆ ಬಂತು. ಆ ಸಾಲನ್ನು ಓದಿದ ಕೂಡಲೇ ಊರೆಲ್ಲ ನನ್ನತ್ತ ತಿರುಗುತ್ತದೆ ಎಂದು ಆಗ ಹೊಳೆಯಿತು. ಮಾಸ್ತರರು ಉಸಿರು ತೆಗೆದುಕೊಂಡರು. ಕಾಗದದಿಂದ ಕಣ್ಣೆತ್ತಿ ಒಂದು ಗಳಿಗೆ ನಮ್ಮ ಕಡೆ ನೋಡಿದರು. ಮತ್ತೆ ತಲೆ ತಗ್ಗಿಸಿ, “ಇಂತಿ, ಊರ ಹಿತಚಿಂತಕ. ಇಷ್ಟ ಐತ್ರಿ” ಎಂದು ಕಾಗದ ಮಡಚಿದರು.

“ಹಿತಚಿಂತಕ ಅಂತ. ಅವನ ಕೈಗೆ ಹುಳಾ ಬೀಳಲಿ” ಎಂದ ಅಪ್ಪ. ನಾನು ಅವನ ಹಿಂದೆಯೇ ನಿಂತಿದ್ದೆ.

ಆಮೇಲೆ ಯಾರೂ ಹೇಳದೆಯೇ ಜನ ಮನೆಗಳಿಗೆ ಓಡಿದರು. ಬುಟ್ಟಿಯಲ್ಲಿ, ಸೆರಗಿನಲ್ಲಿ, ಹೆಗಲ ಮೇಲೆ ಪುಸ್ತಕಗಳು ಬಂದವು. ಓದು ಬಾರದ ಹೆಂಗಸರು ದೇವರ ಬಳಿ ಇಟ್ಟಿದ್ದ ಪುಸ್ತಕಗಳ ಮೇಲೆ ಕುಂಕುಮದ ಬೊಟ್ಟುಗಳಿದ್ದವು. ಅಪ್ಪ ಶಲ್ಯದ ಗಂಟನ್ನು ಹಾಗೆಯೇ ತಂದು ಅಧಿಕಾರಿಯ ಮುಂದೆ ಬಿಚ್ಚಿದ. ಸಂಜೆಯೊಳಗೆ ಕಪಾಟುಗಳು ತುಂಬಿದವು. ಒಂದು ಪುಸ್ತಕವೂ ಕಳೆದಿರಲಿಲ್ಲ.

ಅಧಿಕಾರಿ ಒಳ್ಳೆಯ ಮನುಷ್ಯನೇ ಇರಬೇಕು. ಬಹಳ ಹೊತ್ತು ಆ ಕುಂಕುಮದ ಪುಸ್ತಕಗಳನ್ನು ನೋಡಿದರು. “ಪುಸ್ತಕ ಬಂದಾವ, ಸಂತೋಷ. ಆದರ ತಕರಾರು ಪುಸ್ತಕ ಕಳದಾವ ಅಂತ ಇಲ್ರಿ. ಚೀಟಿ ಇಲ್ಲದ ಕೊಟ್ಟಾರ ಅಂತ ಐತಿ. ಕೊಟ್ಟೀರಿಲ್ಲೋ?” ಎಂದು ಮಾಸ್ತರರನ್ನು ಕೇಳಿದರು.

“ಕೊಟ್ಟೇನ್ರಿ” ಎಂದರು ಮಾಸ್ತರರು.

ಮರುವಾರ ಮುಷ್ಕರ ಮುಗಿಯಿತು. ಉಳಿದ ಊರುಗಳವರು ಒಬ್ಬೊಬ್ಬರಾಗಿ ಕಾಯಂ ಆದರು. ನಮ್ಮ ಮಾಸ್ತರರಿಗೆ ಮಾತ್ರ, ನಿಯಮ ಮೀರಿದ ಕಾರಣಕ್ಕೆ ಕೆಲಸದಿಂದ ತೆಗೆದ ಆದೇಶ ಬಂತು. ಊರವರೆಲ್ಲ ಸೇರಿ ಮೇಲಿನವರಿಗೆ ಅರ್ಜಿ ಕೊಡಬೇಕೆಂದರು. ಹೆಬ್ಬೆಟ್ಟು ಒತ್ತಲು ಮಂದಿ ಸಿದ್ಧರಿದ್ದರು, ಬರೆಯುವವರು ಬೇಕಿತ್ತು. ಅಪ್ಪ ನನ್ನ ಬಳಿ ಬಂದು, ಆ ಆರು ವರ್ಷದಲ್ಲಿ ಮೊದಲ ಸಲ, “ನಿನ್ನ ಕೈಲೆ ಬರದ ಕೊಡಪಾ” ಎಂದು ಕೇಳಿಕೊಂಡ. ನನ್ನ ಅಕ್ಷರ ಮತ್ತೊಮ್ಮೆ ಅದೇ ಕಚೇರಿಗೆ ಹೋಗುವುದು ಬೇಡವಾಗಿತ್ತು. ಮಣಿಕಟ್ಟು ಉಳುಕಿದೆ ಎಂದೆ. ಅವ್ವ ಅರಿಸಿನ ಬಿಸಿ ಮಾಡಿ ಹಚ್ಚಿ ಬಟ್ಟೆ ಕಟ್ಟಿದಳು. ಏನೂ ಆಗದ ಕೈಗೆ ನಾಲ್ಕು ದಿನ ಆ ಬಟ್ಟೆ ಕಟ್ಟಿಕೊಂಡು ತಿರುಗಿದೆ. ಅರ್ಜಿಯನ್ನು ಬೇರೆ ಯಾರೋ ಬರೆದರು. ಅದರಿಂದ ಏನೂ ಆಗಲಿಲ್ಲ.

ಮಾಸ್ತರರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಗುಡಗೇರಿಗೆ, ಹೆಂಡತಿಯ ಅಣ್ಣನ ಬೀಜದ ಅಂಗಡಿಗೆ ಹೋದರು. ನಾನು ಅರ್ಜಿ ಹಾಕಿದೆ. ಈ ಸಲ ಊರಿನಿಂದ ಒಬ್ಬನೇ.

ಕೆಲಸಕ್ಕೆ ಹಾಜರಾದ ದಿನ ಸಂಜೆ ಹೊಸ್ತಿಲಲ್ಲಿ ಕುಳಿತು ಪತ್ರಿಕೆ ತೆರೆದೆ. ಏಳೆಂಟು ಜನ ಬಂದರು, ಅಪ್ಪನೂ ಬಂದ. ಧಾರಣೆ ಓದಿದೆ, ಮಳೆ ಓದಿದೆ. ಯಾರೂ ನಗಲಿಲ್ಲ, ಯಾರೂ ವಾರಂಟ ಎನ್ನಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಕಡೆಗೆ ಅಪ್ಪ ಒಬ್ಬನೇ ಉಳಿದ. “ಸಾಕ ಬಿಡು. ನಿನ್ನ ಕಣ್ಣ ನೋಯ್ತಾವು” ಎಂದು ನನ್ನ ಹೆಗಲ ಮೇಲೆ ಕೈಯಿಟ್ಟು ಎದ್ದ. ಮತ್ತೆ ಬರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಕಟ್ಟೆಯ ಓದು ನಿಂತೇಹೋಯಿತು.

ಅಪ್ಪ ತೀರಿಕೊಂಡದ್ದು ಅದಾಗಿ ಮೂರು ವರ್ಷಕ್ಕೆ. ಆಮೇಲೆ ನನಗೆ ಕಾಯಂ ಆದೇಶ ಬಂತು. ಆ ಕಾಗದ ಕೈಗೆ ಬಂದ ವಾರವೇ ರೈಲು ಹತ್ತಿ ಗುಡಗೇರಿಗೆ ಹೋದೆ. ಸಂತೆಯ ದಿನ. ಬೀಜದ ಅಂಗಡಿಯ ಮುಂದಿನ ಬಾಕಿನ ಮೇಲೆ ಮಾಸ್ತರರು ಕುಳಿತಿದ್ದರು. ಸುತ್ತ ಐದಾರು ರೈತರು. ಔಷಧದ ಡಬ್ಬಿಯ ಮೇಲೆ ಬರೆದದ್ದನ್ನು ಅವರಿಗೆ ಓದಿ ಹೇಳುತ್ತಿದ್ದರು. ಗಡ್ಡದಲ್ಲಿ ಬಿಳಿ ಬಂದಿತ್ತು, ಅಂಗಿಯ ಕಾಲರು ಹರಿದಿತ್ತು.

“ಬಾ ತಮ್ಮಾ, ಕುಂದ್ರು” ಎಂದು ಜಾಗ ಮಾಡಿಕೊಟ್ಟು ಚಹಾ ತರಿಸಿದರು. ಅಪ್ಪನ ಸಾವಿನ ಸುದ್ದಿ ಅವರಿಗೆ ತಿಳಿದಿತ್ತು. ರೈತರು ಹೋದ ಮೇಲೆ ನಾನು ಹೇಳಿದೆ, “ನಿಮ್ಮ ಮುಂದ ಒಂದ ಮಾತ ಹೇಳಬೇಕಂತ ಬಂದೇನ್ರಿ.”

“ಗೊತ್ತೈತಿ. ಹೇಳಬ್ಯಾಡ.”

“ಇಲ್ರಿ, ಹೇಳದಿದ್ರ ನನಗ...”

“ನೀ ಹೇಳಿದಿ ಅಂದ್ರ ನಾ ಏನರೆ ಅನಬೇಕಾಗತೈತಿ. ಹೋಗ್ಲಿ ಬಿಡು ಅನಬೇಕು, ಇಲ್ಲಾ ಬೈಬೇಕು. ಎರಡೂ ನನ್ನ ಕಡಿಂದ ಆಗೂದಿಲ್ಲ. ಹಿರೇ ಮಗಳನ್ನ ಸಾಲಿ ಬಿಡಿಸೇನಿ ತಮ್ಮಾ. ಇಲ್ಲೇ ಚೀಲಾ ಹೊಲಿತಾಳ.”

ಅವರು ಸಿಟ್ಟಿನಿಂದ ಹೇಳಲಿಲ್ಲ. ಧಾರಣೆ ಓದುವ ದನಿಯಲ್ಲೇ ಹೇಳಿದರು. ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ. ಆದರೂ ಕೇಳದೆ ಇರಲಾಗಲಿಲ್ಲ.

“ಹಂಗಾರ ಅವತ್ತ ಆ ಸಾಲ ಯಾಕ ಓದಲಿಲ್ರಿ?”

“ಕಾಕಾ ಮುಂದ ಕುಂತಿದ್ರು” ಎಂದರು. “ಅವರ ಸಲುವಾಗಿ ಬಿಟ್ಟೆ. ನಿನ್ನ ಸಲುವಾಗಿ ಅಲ್ಲ.”

ಅಷ್ಟರಲ್ಲಿ ಹೆಂಗಸೊಬ್ಬಳು ಪತ್ರ ಹಿಡಿದು ಬಂದಳು. ಮಾಸ್ತರರು ಆ ಕಡೆ ತಿರುಗಿ ಕೈ ಚಾಚಿದರು. ನನ್ನ ರೈಲಿಗೆ ಇನ್ನೂ ಹೊತ್ತಿತ್ತು. ಬಾಕಿನ ತುದಿಯಲ್ಲಿ ಕುಳಿತೇ ಇದ್ದೆ. ಅವಳ ಪತ್ರ ಮುಗಿಯುವ ಮೊದಲೇ ಇನ್ನಿಬ್ಬರು ಬಂದು ನಿಂತರು. ಹರಿದ ಕಾಲರಿನ ಆ ಮನುಷ್ಯನ ಸುತ್ತ ಜನ ಬಾಗಿ ಕೇಳುತ್ತಿದ್ದರು. ಕಾಯಂ ನೌಕರಿಯ ಕಾಗದ ನನ್ನ ಜೇಬಿನಲ್ಲೇ ಇತ್ತು, ಅವರ ಮಗಳು ಹೊಲಿಗೆ ಹಾಕುತ್ತಿದ್ದ ಚೀಲಗಳು ಎದುರಿಗೇ ಇದ್ದವು. ಪಶ್ಚಾತ್ತಾಪ ಪಡಲು ಹೋದವನಿಗೆ ಅಲ್ಲಿಯೂ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಆ ಜನ ಕೇಳುವ ಹಾಗೆ ನನ್ನನ್ನು ಯಾರೂ ಕೇಳಿಲ್ಲವೆಂದು ಕಿಚ್ಚು. ನನ್ನ ಅಪ್ಪನ ಮರ್ಯಾದೆಯನ್ನು ನಾನಲ್ಲ, ಅವರು ಉಳಿಸಿದರೆಂದು ಕಿಚ್ಚು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನೆಲ್ಲ ಬರೆದು ಪ್ರಯೋಜನವಿಲ್ಲ.